ಕಡಲಿನೊಳಗೊಂದು ಕಡಲು

ಶ್ರಾವಣದ ನೂಲ ಹುಣ್ಣಿಮೆಯಂದು ನಮ್ಮ ಕರಾವಳಿಯ ಮೊಗವೀರರು ಸಮುದ್ರಕ್ಕೆ ಹಾಲು, ತೆಂಗಿನಕಾಯಿ ಅರ್ಪಿಸಿ ಪೂಜೆ ಸಲ್ಲಿಸುತ್ತಾರೆ. ಮಳೆಯ ಅಬ್ಬರ ತಗ್ಗಿ ಹೊಸ ಮೀನುಗಾರಿಕೆ ಆರಂಭವಾಗುವ ಕಾಲವದು. ಮುಂದಿನ ತಿಂಗಳುಗಳಲ್ಲಿ ಬೂತಾಯಿ, ಬಂಗುಡೆಗಳ ಹಿಂಡುಗಳು ದಡದ ಸಮೀಪಕ್ಕೇ ಬರುತ್ತವೆ. ಹಿಂದೆ ಊರಿಗೆ ಊರೇ ದಂಡೆಯಲ್ಲಿ ಸಾಲಾಗಿ ನಿಂತು ರಂಪಣಿ ಬಲೆಯಲ್ಲಿ ಎಳೆದು ತರುತ್ತಿದ್ದುದು ಈ ಹಿಂಡುಗಳನ್ನೇ. ಅಷ್ಟು ವಿಶಾಲವಾದ ಕಡಲನ್ನು ಬಿಟ್ಟು ಮೀನು ದಡಕ್ಕೆ ಬರುವುದೇಕೆ? ಇದಕ್ಕೆ ಉತ್ತರ ಕಣ್ಣಿಗೆ ಕಾಣುವ ತೆರೆಗಳಲ್ಲಿಲ್ಲ, ಅವುಗಳ ಅಡಿಯಲ್ಲಿದೆ.

ಕಡಲು ಮೇಲಿನಿಂದ ತಳದವರೆಗೆ ಒಂದೇ ನೀರಲ್ಲ. ಬಿಸಿಲಿಗೆ ಕಾದ ಹಗುರವಾದ ನೀರು ಮೇಲಿದ್ದರೆ, ತಣ್ಣನೆಯ ಭಾರವಾದ ನೀರು ಕೆಳಗಿರುತ್ತದೆ. ದಡದಿಂದಾಚೆ ಸುಮಾರು 200 ಮೀಟರ್ ಆಳದವರೆಗೆ ನೆಲ ನಿಧಾನವಾಗಿ ಇಳಿಯುತ್ತ ಹೋಗುವ ಭಾಗವನ್ನು ಭೂಗೋಳದ ಪುಸ್ತಕಗಳು ಖಂಡಾವರಣ ಎನ್ನುತ್ತವೆ. ನಮ್ಮ ಮೀನುಗಾರಿಕೆಯ ಬಹುಪಾಲು ನಡೆಯುವುದು ಈ ಜಗಲಿಯ ಮೇಲೆಯೇ.

ಮುಂಗಾರಿನಲ್ಲಿ ಕರಾವಳಿಯ ಗಾಳಿ ವಾಯವ್ಯದಿಂದ ದಕ್ಷಿಣದತ್ತ ವಾಲಿ ಬೀಸುತ್ತದೆ. ಕರಾವಳಿಯ ಪ್ರವಾಹವೂ ಆಗ ಗೋವೆಯ ಕಡೆಯಿಂದ ಕೇರಳದ ಕಡೆಗೆ ಹರಿಯುತ್ತದೆ. ಆದರೆ ಭೂಮಿ ತಿರುಗುತ್ತಿರುವುದರಿಂದ ನಮ್ಮ ಉತ್ತರಾರ್ಧಗೋಳದಲ್ಲಿ ಗಾಳಿ ತಳ್ಳಿದ ಮೇಲ್ನೀರು ಅದರ ಬಲಕ್ಕೆ, ಎಂದರೆ ದಡದಿಂದ ದೂರಕ್ಕೆ ಸರಿಯುತ್ತದೆ. ತೆರವಾದ ಜಾಗವನ್ನು ತುಂಬಲು ಆಳದ ತಣ್ಣೀರು ಜಗಲಿಯನ್ನೇರಿ ಬರುತ್ತದೆ. ಭಾರತದ ದಕ್ಷಿಣ ತುದಿಯ ಬಳಿ ಮೊದಲು ಕಾಣಿಸಿಕೊಳ್ಳುವ ಈ ಏರಿಕೆ ಕ್ರಮೇಣ ಉತ್ತರಕ್ಕೆ ಹಬ್ಬುತ್ತದೆ. ಏರಿಬಂದ ನೀರಿನಲ್ಲಿ ನೈಟ್ರೇಟ್, ಫಾಸ್ಫೇಟ್‌ಗಳು ಹೇರಳ. ಇದು ಕಡಲಿನ ಗೊಬ್ಬರ. ಬೆಳಕು ಸಿಕ್ಕೊಡನೆ ಕಣ್ಣಿಗೆ ಕಾಣದ ಸಸ್ಯಪ್ಲವಕಗಳು ಬೆಳೆದು ನಿಲ್ಲುತ್ತವೆ. ಬೂತಾಯಿಗೆ ಇದೇ ಮೇವು.

ಈ ನೀರು ಅನ್ನವನ್ನಷ್ಟೇ ತರುವುದಿಲ್ಲ. ಆಳದಲ್ಲಿ ಬಹುಕಾಲ ಉಳಿದ ಅದರಲ್ಲಿ ಆಮ್ಲಜನಕ ತೀರ ಕಡಿಮೆ. ಸಾಲದ್ದಕ್ಕೆ ಮಳೆಯ ಮತ್ತು ಹೊಳೆಗಳ ಸಿಹಿನೀರು ಮೇಲೆ ತೆಳುವಾದ ಮುಚ್ಚಳದಂತೆ ಹರಡಿ, ಗಾಳಿಯ ಆಮ್ಲಜನಕ ಕೆಳಗಿಳಿಯದಂತೆ ತಡೆಯುತ್ತದೆ. ಇಂಥ ನೀರು ಜಗಲಿಯನ್ನೇರಿದಾಗ ತಳದ ಮೀನುಗಳು ಅಲ್ಲಿಂದ ಕಾಲ್ತೆಗೆಯುತ್ತವೆ ಎಂಬುದನ್ನು ಕೊಚ್ಚಿಯ ಕಡಲಿನಲ್ಲಿ ಅಭ್ಯಾಸ ಮಾಡಿದ ಕಾರ್ಲ್ ಬಾನ್ಸೆ 1959ರಲ್ಲೇ ಬರೆದಿದ್ದರು. 1999ರ ಮಳೆಗಾಲದ ಕೊನೆಗೆ ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಪಶ್ಚಿಮ ಕರಾವಳಿಯ ತಳನೀರಿನಲ್ಲಿ ಆಮ್ಲಜನಕವೇ ಮುಗಿದು, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹುಟ್ಟಿದ್ದನ್ನು ಕಂಡರು. ಮೀನುಗಳ ಪಾಲಿಗೆ ಆಗ ಉಳಿಯುವುದು ಮೇಲಿನ ತೆಳು ಪದರ ಮಾತ್ರ. ಮೇಲೆ ಮೇವು, ಕೆಳಗೆ ಉಸಿರುಗಟ್ಟಿಸುವ ನೀರು. ಹಿಂಡುಗಳು ಮೇಲೆ, ದಡದ ಹತ್ತಿರ ಒತ್ತಾಗಿ ಸೇರುವುದರ ಹಿಂದೆ ಇವೆರಡೂ ಇವೆ.

ಈ ಎರಡು ಪದರಗಳು ಕೂಡುವ ಗಡಿಯೂ ಸುಮ್ಮನಿರುವುದಿಲ್ಲ. ಅದರ ಮೇಲೂ ಅಲೆಗಳೇಳುತ್ತವೆ. ಇವೇ ಒಳಅಲೆಗಳು. ಇವುಗಳ ಪರಿಚಯ ವಿಜ್ಞಾನಕ್ಕಾದುದು ದೂರದ ಉತ್ತರ ಧ್ರುವದ ಕಡಲಿನಲ್ಲಿ. 1893ರಲ್ಲಿ ನಾರ್ವೆಯ ಫ್ರಿಟ್ಯೋಫ್ ನಾನ್ಸೆನ್‌ನ ಫ್ರಾಮ್ ಹಡಗು ಸೈಬೀರಿಯದ ಬಳಿ, ಯಂತ್ರ ಪೂರ್ತಿ ಬಲದಿಂದ ನಡೆಯುತ್ತಿದ್ದರೂ ಯಾರೋ ಹಿಡಿದೆಳೆದಂತೆ ತೆವಳಿತು. ಹಡಗಿನ ಬಲವೆಲ್ಲ ಸಿಹಿನೀರು ಮತ್ತು ಉಪ್ಪುನೀರಿನ ನಡುವಿನ ಗಡಿಯಲ್ಲಿ ಅಲೆ ಎಬ್ಬಿಸುವುದಕ್ಕೇ ವ್ಯಯವಾಗುತ್ತಿತ್ತೆಂದು ಸ್ವೀಡನ್ನಿನ ವಾಗ್ನ್ ಎಕ್ಮನ್ 1904ರಲ್ಲಿ ವಿವರಿಸಿದ. ಗಾಳಿ ತಳ್ಳಿದ ನೀರು ಪಕ್ಕಕ್ಕೆ ಸರಿಯುವ ಸೂತ್ರವನ್ನು ಮರುವರ್ಷ ಕೊಟ್ಟವನೂ ಆತನೇ.

ಹಡಗೇ ಬೇಕೆಂದಿಲ್ಲ. ಉಬ್ಬರವಿಳಿತದ ನೀರು ಜಗಲಿಯ ಅಂಚನ್ನು ಹತ್ತಿಳಿಯುವಾಗಲೂ ಒಳಅಲೆಗಳು ಹುಟ್ಟುತ್ತವೆ. ಅಂಡಮಾನ್ ಸಮುದ್ರದಲ್ಲಿ ಇವು 60 ಮೀಟರ್‌ನಷ್ಟು ಎತ್ತರಕ್ಕೂ ಏಳುವುದುಂಟು. ಮೇಲೆ ಮಾತ್ರ ನಯವಾದ ಮತ್ತು ಕದಡಿದ ನೀರಿನ ಪಟ್ಟೆಗಳಷ್ಟೇ ಕಾಣುತ್ತವೆ. ಆಳ ಕಡಿಮೆಯಾದಂತೆ ಈ ಅಲೆಗಳು ದಂಡೆಯ ತೆರೆಗಳಂತೆಯೇ ಮುರಿದು, ಕೆಳಗಿನ ಗೊಬ್ಬರವನ್ನು ಮೇಲಕ್ಕೂ ಮೇಲಿನ ಉಸಿರನ್ನು ಕೆಳಕ್ಕೂ ಬೆರೆಸುತ್ತವೆ. ಮಜ್ಜಿಗೆ ಕಡೆಯುವ ಕಡೆಗೋಲಿನ ಕೆಲಸವಿದು.

ನವೆಂಬರ್ ಹೊತ್ತಿಗೆ ಪ್ರವಾಹ ದಿಕ್ಕು ಬದಲಿಸಿ ಉತ್ತರಕ್ಕೆ ಹರಿಯುತ್ತದೆ. ಶ್ರೀಲಂಕೆಯನ್ನು ಬಳಸಿ ಬಂದ ಬಂಗಾಳ ಕೊಲ್ಲಿಯ ಉಪ್ಪು ಕಡಿಮೆಯಾದ ನೀರೂ ಅದರೊಡನೆ ಬರುತ್ತದೆ. ತಣ್ಣೀರು ಜಗಲಿಯಿಂದಿಳಿದು, ತಳಕ್ಕೆ ಮತ್ತೆ ಉಸಿರು ಬರುತ್ತದೆ.

ಅನ್ನ ಮತ್ತು ಉಸಿರುಗಳ ಈ ಸಮತೋಲ ಬಹು ನಾಜೂಕಿನದು. ಅರಬ್ಬೀ ಸಮುದ್ರದ ಮೇಲ್ನೀರು ಬಿಸಿಯೇರುತ್ತಿದೆ. ಮೇಲಿನ ಪದರ ಹಗುರವಾದಷ್ಟೂ ಎರಡು ನೀರುಗಳು ಬೆರೆಯುವುದು ಕಷ್ಟ. ಹೊಲಗದ್ದೆಗಳ ರಸಗೊಬ್ಬರ, ಪಟ್ಟಣಗಳ ಕೊಳಚೆ ಹೊಳೆಯ ಮೂಲಕ ಕಡಲು ಸೇರಿದರೆ ಪ್ಲವಕಗಳು ಅತಿಯಾಗಿ ಬೆಳೆಯುತ್ತವೆ. ಅವು ಸತ್ತು ಕೊಳೆಯುವಾಗ ತಳದಲ್ಲಿ ಅಳಿದುಳಿದ ಆಮ್ಲಜನಕವನ್ನೂ ಕಬಳಿಸುತ್ತವೆ. ಜೂನ್ ಮತ್ತು ಜುಲೈನ 61 ದಿನ ಯಾಂತ್ರಿಕ ದೋಣಿಗಳನ್ನು ದಡದಲ್ಲಿ ನಿಲ್ಲಿಸಿ ನಾವು ಮೀನಿನ ಸಂತತಿಗೆ ಬಿಡುವು ಕೊಡುತ್ತೇವೆ. ಅದು ಸರಿಯೇ. ಆದರೆ ಬಲೆಯನ್ನು ತಡೆದರಷ್ಟೇ ಸಾಲದು, ಹೊಳೆಯಲ್ಲಿ ನಾವು ಹರಿಯಬಿಡುವುದನ್ನೂ ತಡೆಯಬೇಕು. ಘಟ್ಟದ ಮೇಲಿನ ಗದ್ದೆಗೂ ಕಡಲಿನ ತಳಕ್ಕೂ ನಡುವಿನ ದೂರ ಒಂದು ಹೊಳೆಯಷ್ಟೇ.