‘ಡಿಲ್ಯಾಪಿಡೇಶನ್’: ಪದದ ಅರ್ಥವ್ಯಾಪ್ತಿ ಮತ್ತು ಸವಣೂರಿನ ನಿದರ್ಶನ

ಇಂಗ್ಲಿಷಿನ ‘ಡಿಲ್ಯಾಪಿಡೇಶನ್’ ಪದಕ್ಕೆ ಕನ್ನಡದಲ್ಲಿ ‘ಶಿಥಿಲತೆ’, ‘ಪಾಳುಬೀಳುವಿಕೆ’ ಎಂಬ ಅರ್ಥಗಳನ್ನು ಕೊಡುವುದು ರೂಢಿ. ಇವು ತಪ್ಪಲ್ಲ, ಆದರೆ ಪದದ ಅರ್ಧವನ್ನು ಮಾತ್ರ ಹೇಳುತ್ತವೆ. ಉಳಿದರ್ಧವು ಹೊಣೆಗೆ ಸಂಬಂಧಿಸಿದ್ದು.

ಪದದ ಒಡಲಲ್ಲಿರುವುದು ಕಲ್ಲು ಎಂಬರ್ಥದ ಲ್ಯಾಟಿನ್ ಶಬ್ದ ‘ಲಾಪಿಸ್’. ಅಕ್ಷರಶಃ ‘ಕಲ್ಲು ಚೆಲ್ಲಾಡುವುದು’ ಎಂದಾಗುವ ಮೂಲಕ್ರಿಯೆಯು ಲ್ಯಾಟಿನ್ನಿನಲ್ಲಿ ಬಳಕೆಯಾದುದು ಆಸ್ತಿಯನ್ನು ದುಂದು ಮಾಡುವುದಕ್ಕೆ. ಇಂಗ್ಲೆಂಡಿನ ಚರ್ಚಿನ ಕಾನೂನಿನಲ್ಲಿ ಈ ಅರ್ಥವೇ ಬಲಗೊಂಡಿತು. ಪಾದ್ರಿಯೊಬ್ಬನು ತನ್ನ ಅಧಿಕಾರಾವಧಿಯಲ್ಲಿ ನಿವಾಸವನ್ನು ಕೆಡಗೊಟ್ಟರೆ, ಮುಂದೆ ಬಂದವನು ದುರಸ್ತಿಯ ವೆಚ್ಚವನ್ನು ಅವನಿಂದಲೋ ಅವನ ಸ್ವತ್ತಿನಿಂದಲೋ ಕೇಳಬಹುದಿತ್ತು. 1871ರಲ್ಲಿ ಇದಕ್ಕೆಂದೇ ಒಂದು ಶಾಸನವಾಯಿತು. ಗೇಣಿ ಮುಗಿದಾಗ ಬಾಡಿಗೆದಾರನು ತೆರಬೇಕಾದ ದುರಸ್ತಿಯ ಬಾಕಿಗೆ ಇಂದಿಗೂ ಅಲ್ಲಿ ಇದೇ ಹೆಸರು. ಆಗ ಪದವು ಬಹುವಚನದಲ್ಲಿರುತ್ತದೆ. ‘ಡಿಕೇ’ಗೆ ಕೊಳೆಯುವ ಹಣ್ಣು, ಹುಳುಕುಹಲ್ಲು, ವಿಕಿರಣವಸ್ತು ಎಲ್ಲವೂ ಸಲ್ಲುತ್ತವೆ, ‘ರೂಯಿನ್’ ಬಿದ್ದು ಮುಗಿದ ಸ್ಥಿತಿಯನ್ನೂ ಹೇಳುತ್ತದೆ. ‘ಡಿಲ್ಯಾಪಿಡೇಶನ್’ ಮುಖ್ಯವಾಗಿ ಕಟ್ಟಿದ ವಸ್ತುವಿನದು, ಅದೂ ನೋಡಿಕೊಳ್ಳುವವರು ಕೈಬಿಟ್ಟುದರಿಂದ ಆದದ್ದು.

ಕನ್ನಡದಲ್ಲಿ ಕೆಡುಕಿನ ಪದಗಳು ವಸ್ತುವನ್ನನುಸರಿಸಿ ಬೇರೆಯಾಗುತ್ತವೆ. ಅನ್ನ ಹಳಸುತ್ತದೆ, ಕಾಳು ಮುಗ್ಗುತ್ತದೆ, ಕಬ್ಬಿಣ ತುಕ್ಕು ಹಿಡಿಯುತ್ತದೆ, ಮೆಟ್ಟಿಲು ಸವೆಯುತ್ತದೆ, ವಾಡೆ ಹಾಳುಬೀಳುತ್ತದೆ. ಜನರಿಲ್ಲದ ಊರಿಗೆ ಮುಂಬಯಿ ಕರ್ನಾಟಕದ ಕಂದಾಯ ದಫ್ತರಗಳು ‘ಬೇಚರಾಕ್’ ಎನ್ನುತ್ತವೆ. ಫಾರಸಿಯ ‘ಬೇಚಿರಾಗ್’, ಅಂದರೆ ದೀಪವಿಲ್ಲದ್ದು. ಲೆಕ್ಕದ ಪುಸ್ತಕದಲ್ಲಿ ಇಂಥ ಮಾತು ಸಿಗುವುದು ಅಪರೂಪವೇ ಸರಿ. ‘ಶಿಥಿಲ’ಕ್ಕೆ ಮೂಲದಲ್ಲಿ ಸಡಿಲ ಎಂದಷ್ಟೇ ಅರ್ಥ, ವೈಯಾಕರಣರ ‘ಶಿಥಿಲದ್ವಿತ್ವ’ದಲ್ಲಿ ಅದು ಉಳಿದಿದೆ. ಸಡಿಲವಾದುದನ್ನು ಬಿಗಿಯಬಹುದು. ಆದರೆ ಆಡಳಿತದ ಕನ್ನಡದಲ್ಲಿ ‘ಶಿಥಿಲ ಕಟ್ಟಡ’ ಎಂದರೆ ಕೆಡವತಕ್ಕದ್ದು ಎಂಬ ತೀರ್ಪೇ ಆಗಿಬಿಟ್ಟಿದೆ.

ಹೊಣೆಯ ಅರ್ಥವನ್ನು ಹಿಡಿದಿಟ್ಟ ಕನ್ನಡದ ನುಡಿಗಟ್ಟು ಶಾಸನಗಳಲ್ಲಿದೆ: ‘ಖಂಡಸ್ಫುಟಿತ ಜೀರ್ಣೋದ್ಧಾರ’. ಖಂಡ ಎಂದರೆ ಮುರಿದದ್ದು, ಸ್ಫುಟಿತ ಎಂದರೆ ಬಿರಿದದ್ದು, ಜೀರ್ಣ ಎಂದರೆ ಹಳತಾದದ್ದು. ದೇವಾಲಯಕ್ಕೆ ಭೂಮಿಯನ್ನು ಬಿಡುವಾಗಲೇ, ಪೂಜೆ ನೈವೇದ್ಯಗಳ ಜೊತೆಗೆ, ಮುಂದೆಂದೋ ಬಿರಿಯಲಿರುವ ಗೋಡೆಗೂ ಉತ್ಪನ್ನವನ್ನು ಗೊತ್ತುಪಡಿಸುತ್ತಿದ್ದರು. ಇಂಗ್ಲಿಷ್ ಕಾನೂನು ಕೆಟ್ಟ ಮೇಲೆ ಬಾಕಿ ಕೇಳಿದರೆ, ಇಲ್ಲಿ ಕೆಡುವ ಮೊದಲೇ ಖರ್ಚಿಗೆ ಇಟ್ಟಿರುತ್ತಿತ್ತು.

ಈ ವ್ಯತ್ಯಾಸಗಳನ್ನು ಒಟ್ಟಿಗೆ ನೋಡಲು ಸವಣೂರು ತಕ್ಕ ಸ್ಥಳ. ನವಾಬರ ಈ ರಾಜಧಾನಿಯ ಸುತ್ತ ಕಂದಕವಿದೆಯೆಂದೂ ಎಂಟು ಬಾಗಿಲುಗಳಲ್ಲಿ ಮೂರು ಬಿದ್ದಿವೆಯೆಂದೂ ಇಪ್ಪತ್ತನೆಯ ಶತಮಾನದ ಆರಂಭದ ಇಂಪೀರಿಯಲ್ ಗೆಜೆಟಿಯರ್ ದಾಖಲಿಸಿತು. ಆ ಮೂರಕ್ಕೆ ‘ರೂಯಿನ್’ ಸಲ್ಲುತ್ತದೆ. ಉಳಿದ ಐದಕ್ಕೆ ಮುಂದೆ ಒದಗಬಹುದಾದುದನ್ನು ‘ಡಿಲ್ಯಾಪಿಡೇಶನ್’ ಎನ್ನಬೇಕಾದರೆ, ನೋಡಿಕೊಳ್ಳಬೇಕಾದವರು ಯಾರೆಂದು ಮೊದಲು ಗೊತ್ತಿರಬೇಕು. 1948ರಲ್ಲಿ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೆ ಉತ್ತರ ಸುಲಭವಾಗಿತ್ತು. ಆಮೇಲೆ ಊರು 1956ರಲ್ಲಿ ಮೈಸೂರು ರಾಜ್ಯಕ್ಕೆ, 1997ರಲ್ಲಿ ಹಾವೇರಿ ಜಿಲ್ಲೆಗೆ ಸೇರಿತು. ಅಧಿಕಾರ ಕೈಯಿಂದ ಕೈಗೆ ಹೋದಂತೆ ಹಳೆಯ ಕಲ್ಲುಗಳ ಬಾಕಿ ಯಾರ ಲೆಕ್ಕಕ್ಕೆ ಬಂತೆಂದು ಹೇಳುವುದು ಕಷ್ಟವಾಯಿತು. ‘ಶಿಥಿಲ’ ಎಂದು ಬರೆದು ಕೈತೊಳೆದುಕೊಳ್ಳುವುದು ಇಂಥಲ್ಲಿ ಸುಲಭ.

ಊರಿನ ದೊಡ್ಡಹುಣಸೆ ಮರಗಳಿಗೆ ಈ ಪದ ಹೊಂದದು. ಮರಕ್ಕೆ ಇಂಗ್ಲಿಷಿನವರು ‘ಡಿಕೇ’ ಎನ್ನುತ್ತಾರೆ. ಕನ್ನಡದ ‘ಜೀರ್ಣ’ಕ್ಕೆ ಆ ಭೇದವಿಲ್ಲ, ದೇಹ, ವಸ್ತ್ರ, ಗುಡಿ, ಮರ ಎಲ್ಲಕ್ಕೂ ಅದು ಒಪ್ಪುತ್ತದೆ. 2023ರ ಜುಲೈಯಲ್ಲಿ ಮಠದ ಆವರಣದ ಮೂರು ಮರಗಳಲ್ಲೊಂದು ಬುಡಸಮೇತ ಉರುಳಿದಾಗ ಅದನ್ನು ಎತ್ತಿ ಮತ್ತೆ ನೆಡಲಾಯಿತು. ಶಬ್ದಾರ್ಥದಲ್ಲಿ ಇದೂ ಉದ್ಧಾರವೇ.

ಆದ್ದರಿಂದ ಕೆಡುವ ಕ್ರಿಯೆಗೆ ‘ಜೀರ್ಣತೆ’, ಕಾನೂನಿನ ಅರ್ಥಕ್ಕೆ ‘ದುರಸ್ತಿ ಬಾಕಿ’ ಎಂಬ ಬೇರೆಬೇರೆ ಪದಗಳನ್ನು ಬಳಸುವುದು ಯುಕ್ತ. 1868ರಿಂದ 1876ರ ನಡುವೆ ಸವಣೂರಿನ ಅನೇಕ ಹಳೆಯ ಬಾವಿ, ಹೊಂಡಗಳನ್ನು ದುರಸ್ತಿ ಮಾಡಿಸಲಾಯಿತೆಂದು ಅದೇ ಗೆಜೆಟಿಯರ್ ಹೇಳುತ್ತದೆ. ಹಾನಗಲ್ಲ ಕದಂಬರ ಕಾಲದ ಶಾಸನಕವಿಯಾಗಿದ್ದರೆ ಅಲ್ಲಿ ‘ಜೀರ್ಣೋದ್ಧಾರ’ ಎಂದು ಬರೆಯುತ್ತಿದ್ದ.