ಮೂರು ಕಿರೀಟ, ಐದು ವಾರ



2025ರ ಮೇ ತಿಂಗಳಲ್ಲಿ ನಮ್ಮ ತಾತ ಮೈಸೂರಿನಿಂದ ಬಂದಿದ್ದರು. ಟಿವಿಯಲ್ಲಿ ಕೆಂಟಕಿ ಡರ್ಬಿ ಬರುತ್ತಿತ್ತು. "ಇದು ಗೆದ್ದ ಕುದುರೆ ಇನ್ನೂ ಎರಡು ರೇಸ್ ಗೆದ್ದರೆ ಟ್ರಿಪಲ್ ಕ್ರೌನ್ ತಾತ" ಅಂದೆ. "ಮೂರು ಕಿರೀಟ ಇಟ್ಟುಕೊಳ್ಳೋಕೆ ಮೂರು ತಲೆ ಬೇಕಲ್ಲೇ ಪುಟ್ಟಿ?" ಅಂತ ನಕ್ಕರು. ಅವರಿಗೆ ಉತ್ತರ ಕೊಡಲು ನಾನು ಓದಿ ತಿಳಿದದ್ದನ್ನು ನಿಮಗೂ ಹೇಳುತ್ತೇನೆ.

ಆ ಮೂರು ರೇಸ್‌ಗಳು ಇವು: ಕೆಂಟಕಿಯ ಲೂಯಿವಿಲ್‌ನಲ್ಲಿ ನಡೆಯುವ ಡರ್ಬಿ (ಸುಮಾರು 2 ಕಿ.ಮೀ.), ಎರಡು ವಾರದ ನಂತರ ಮೇರಿಲ್ಯಾಂಡ್‌ನ ಪ್ರೀಕ್‌ನೆಸ್ (1.9 ಕಿ.ಮೀ.), ಅದಾಗಿ ಮೂರು ವಾರಕ್ಕೆ ನ್ಯೂಯಾರ್ಕ್‌ನ ಬೆಲ್ಮಾಂಟ್ (ಸಾಮಾನ್ಯವಾಗಿ 2.4 ಕಿ.ಮೀ.). ಮೂರು ವರ್ಷ ವಯಸ್ಸಿನ ಕುದುರೆಗಳಿಗೆ ಮಾತ್ರ ಪ್ರವೇಶ. ಅಂದರೆ ಒಂದು ಕುದುರೆಗೆ ಜೀವನದಲ್ಲಿ ಒಂದೇ ಅವಕಾಶ! ಗೆದ್ದರೆ ಸಿಗುವುದು ಕಿರೀಟವಲ್ಲ, ಮೂರು ಮುಖದ ಬೆಳ್ಳಿಯ ಟ್ರೋಫಿ.

1919ರಲ್ಲಿ ಸರ್ ಬಾರ್ಟನ್ ಮೂರನ್ನೂ ಮೊದಲು ಗೆದ್ದಿತು. ಆಗ ಅಮೆರಿಕದಲ್ಲಿ ಈ ಬಿರುದು ಇನ್ನೂ ಬಳಕೆಯಲ್ಲೇ ಇರಲಿಲ್ಲ. ಅಲ್ಲಿಂದ 2025ರವರೆಗೆ ಗೆದ್ದದ್ದು 13 ಕುದುರೆಗಳು ಮಾತ್ರ. 1973ರಲ್ಲಿ ಸೆಕ್ರೆಟೇರಿಯಟ್ ಬೆಲ್ಮಾಂಟನ್ನು 2 ನಿಮಿಷ 24 ಸೆಕೆಂಡಿನಲ್ಲಿ ಓಡಿ, 31 ಕುದುರೆಯಷ್ಟು ಉದ್ದದ ಅಂತರದಲ್ಲಿ ಗೆದ್ದಿತು. 1978ರ ನಂತರ 37 ವರ್ಷ ಯಾವ ಕುದುರೆಗೂ ಬಿರುದು ಸಿಗಲಿಲ್ಲ. 2015ರಲ್ಲಿ ಅಮೆರಿಕನ್ ಫೇರೋ, 2018ರಲ್ಲಿ ಜಸ್ಟಿಫೈ ಗೆದ್ದವು.

ನಾವು ನೋಡಿದ ಡರ್ಬಿಯನ್ನು ಸಾವ್ರಿನ್ಟಿ ಗೆದ್ದಿತು. ಆದರೆ ಕೆಲವೇ ದಿನಗಳಲ್ಲಿ, ಅದು ಪ್ರೀಕ್‌ನೆಸ್ ಓಡುವುದಿಲ್ಲ ಎಂಬ ಸುದ್ದಿ ಬಂತು. ಅದಕ್ಕೆ ಬಿಡುವು ಕೊಟ್ಟು ನೇರವಾಗಿ ಬೆಲ್ಮಾಂಟ್‌ಗೆ ಕರೆದೊಯ್ಯುವ ನಿರ್ಧಾರ. ಡರ್ಬಿಯಲ್ಲಿ ಎರಡನೆಯದಾಗಿದ್ದ ಜರ್ನಲಿಸಂ ಪ್ರೀಕ್‌ನೆಸ್ ಗೆದ್ದಿತು. ಬೆಲ್ಮಾಂಟ್‌ನಲ್ಲಿ ಮತ್ತೆ ಸಾವ್ರಿನ್ಟಿ ಮೊದಲು, ಜರ್ನಲಿಸಂ ಎರಡನೆಯದು.

ನನಗೆ ಕೋಪ ಬಂತು. ಓಡಿದ್ದರೆ ಇತಿಹಾಸ ಆಗುತ್ತಿತ್ತೇನೋ! ಅವಕಾಶವನ್ನೇ ಕೈಬಿಟ್ಟರಲ್ಲ ಅನ್ನಿಸಿತು. ತಾತ ಸಮಾಧಾನವಾಗಿ ಹೇಳಿದರು: "ಹೊಲ ಉಳುವ ಎತ್ತನ್ನೂ ಬಿಸಿಲೇರಿದ ಮೇಲೆ ಬಿಚ್ಚಿ ಮರದ ಕೆಳಗೆ ಕಟ್ಟುತ್ತಿದ್ದೆವು. ಕಿರೀಟ ಬೇಕು ಅಂತ ಕುದುರೆ ಕೇಳಿತ್ತಾ?"

ಆಮೇಲೆ ಇನ್ನೊಂದು ವಿಷಯ ಓದಿದೆ. 2023ರ ಡರ್ಬಿಯ ಸುತ್ತಮುತ್ತಲಿನ ವಾರಗಳಲ್ಲಿ ಅದೇ ಮೈದಾನದಲ್ಲಿ 12 ಕುದುರೆಗಳು ಸತ್ತಿದ್ದವು. ಆ ಋತುವಿನ ಉಳಿದ ರೇಸ್‌ಗಳನ್ನು ಬೇರೆ ಊರಿಗೆ ಸಾಗಿಸಬೇಕಾಯಿತು. ಅದನ್ನು ಓದಿ ನನ್ನ ಕೋಪ ಇಳಿಯಿತು.

ಐದು ವಾರದಲ್ಲಿ ಮೂರು ರೇಸ್ ಈಗಿನ ಕುದುರೆಗಳಿಗೆ ಹೆಚ್ಚಾಯಿತು, ನಡುವಿನ ಬಿಡುವು ಹೆಚ್ಚಿಸಿ ಎಂದು ಕೆಲವರು ಕೇಳುತ್ತಿದ್ದಾರೆ. ಅಪ್ಪನದೂ ಅದೇ ವಾದ. ಸುಲಭ ಮಾಡಿದರೆ ಸೆಕ್ರೆಟೇರಿಯಟ್ ಗೆದ್ದ ಕಿರೀಟವೂ ಮುಂದೆ ಗೆಲ್ಲುವ ಕಿರೀಟವೂ ಒಂದೇ ಹೇಗಾಗುತ್ತದೆ ಎಂಬುದು ಅಮ್ಮನ ಪ್ರಶ್ನೆ. ನನಗನ್ನಿಸುವುದು ಇಷ್ಟು: ಕಿರೀಟ ಕಷ್ಟದ್ದಾಗಿಯೇ ಇರಲಿ, ಆದರೆ "ನಮ್ಮ ಕುದುರೆಗೆ ಈ ಸಲ ಬೇಡ" ಎಂದವರನ್ನು ಹೇಡಿ ಅನ್ನುವುದು ಬೇಡ. ಹಾಗೆ ಹೇಳುವುದಕ್ಕೂ ಧೈರ್ಯ ಬೇಕು.

ನಿಮ್ಮ ಅಭಿಪ್ರಾಯ ಏನು? ಇವತ್ತು ಊಟಕ್ಕೆ ಕೂತಾಗ ಮನೆಯವರನ್ನು ಕೇಳಿ ನೋಡಿ. ನಮ್ಮ ಮನೆಯಲ್ಲಂತೂ ಚರ್ಚೆ ಇನ್ನೂ ಮುಗಿದಿಲ್ಲ!