ಒಂದೇ ಬೈಕ್ ರೈಡ್‌ನಲ್ಲಿ ಟಿಬೆಟ್, ಆಫ್ರಿಕಾ ಮತ್ತು ಒಂದು ಮುಳುಗಿದ ಊರು

 

"ಜಗತ್ತಿನ ವಿಚಿತ್ರ ಊರುಗಳು" ಅಂತ ಹುಡುಕಿದ್ರೆ ಇಟಲಿಯ ರೇಸಿಯಾ ಸರೋವರದ ಫೋಟೊ ಬಂದೇ ಬರುತ್ತೆ. ನೀರಿನ ನಡುವೆ ಒಂಟಿಯಾಗಿ ನಿಂತಿರೋ ಚರ್ಚ್ ಗೋಪುರ. ಅಣೆಕಟ್ಟು ಕಟ್ಟಿದಾಗ, 1950ರಲ್ಲಿ, ಊರು ಮುಳುಗಿತು, ಗೋಪುರ ಉಳೀತು. ನೋಡೋಕೆ ಚಂದ, ಲೈಕ್ ಕೊಡ್ತೀವಿ, ಮುಂದಕ್ಕೆ ಸ್ಕ್ರೋಲ್ ಮಾಡ್ತೀವಿ. ಆದ್ರೆ ಅಂಥದ್ದೇ ಕತೆ ಇರೋ ಊರು ಉತ್ತರ ಕನ್ನಡ ಜಿಲ್ಲೆಯಲ್ಲೇ ಇದೆ. ಅದೂ ಒಂದಲ್ಲ. ಮುಂಡಗೋಡ, ಹಳಿಯಾಳ, ದಾಂಡೇಲಿ, ಜೋಯಿಡಾ. ಇವತ್ತು ಇದೇ ರೂಟ್.

ಮುಂಡಗೋಡ: ಕ್ಯಾಂಪ್ ನಂಬರ್ ಹೇಳಿದ್ರೆ ಸಾಕು

ಮುಂಡಗೋಡದಿಂದ ಸ್ವಲ್ಪ ದೂರ ಹೋದ್ರೆ ಜೋಳದ ಹೊಲದ ಆಚೆ ಚಿನ್ನದ ಬಣ್ಣದ ಚಾವಣಿ ಕಾಣುತ್ತೆ. ನಮ್ಮವರು ಟಿಬೆಟಿಯನ್ ಕಾಲೋನಿ ಅಂತಾರೆ. ಅವರ ಹೆಸರು ದೋಗುಲಿಂಗ್. ಒಳಗಿನ ಹಳ್ಳಿಗಳಿಗೆ ನಂಬರೇ ವಿಳಾಸ: ಒಂದನೇ ಕ್ಯಾಂಪ್, ಎರಡನೇ ಕ್ಯಾಂಪ್, ಹೀಗೆ.

ದಲೈ ಲಾಮಾ ಭಾರತಕ್ಕೆ ಬಂದದ್ದು 1959ರಲ್ಲಿ. ಅವರ ಹಿಂದೆ ಸಾವಿರಾರು ಜನ ಬಂದರು. ಅವರಿಗೆ ನೆಲ ಕೊಡೋಕೆ ಮುಂದೆ ಬಂದ ರಾಜ್ಯಗಳಲ್ಲಿ ಆಗಿನ ಮೈಸೂರು ರಾಜ್ಯ ಪ್ರಮುಖ. ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪ. ಮೊದಲು ಬೈಲಕುಪ್ಪೆ, ಆಮೇಲೆ 1966ರಲ್ಲಿ ಮುಂಡಗೋಡ. ಹಿಮದ ನಾಡಿನಿಂದ ಬಂದವರು ಮಲೆನಾಡಿನ ಅಂಚಿನ ಕಾಡು ಕಡಿದು, ಮಳೆ ನೋಡಿ, ಜೋಳ-ಭತ್ತ ಬೆಳೆಯೋದು ಕಲಿತರು.

ಇಲ್ಲಿ ಒಂದು ತಾರೀಕು ಗಮನಿಸಿ. ಚೀನಾದಲ್ಲಿ ಸಾಂಸ್ಕೃತಿಕ ಕ್ರಾಂತಿ ಶುರುವಾಗಿದ್ದೂ 1966ರಲ್ಲೇ. 1409ರಲ್ಲಿ ಶುರುವಾದ ಗಾಡೆನ್ ಮಠ ಆ ವರ್ಷಗಳಲ್ಲಿ ಟಿಬೆಟ್‌ನಲ್ಲಿ ಪಾಳು ಬಿತ್ತು. ಅಷ್ಟರಲ್ಲಿ ಅಲ್ಲಿಂದ ತಪ್ಪಿಸಿಕೊಂಡು ಬಂದ ಭಿಕ್ಷುಗಳು ಬಂಗಾಳದ ಬಕ್ಸಾದಲ್ಲಿದ್ದರು. ಬ್ರಿಟಿಷರ ಕಾಲದಲ್ಲಿ ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕಿದ್ದ ಜಾಗ ಅದು. ಅಲ್ಲಿಂದ ಅವರು ಮುಂಡಗೋಡಕ್ಕೆ ಬಂದು ಗಾಡೆನ್ ಮತ್ತು ಡ್ರೆಪುಂಗ್ ಮಠಗಳನ್ನು ಮತ್ತೆ ಕಟ್ಟಿದರು. ಇವತ್ತು ಲಡಾಖ್, ಮಂಗೋಲಿಯಾದಿಂದೆಲ್ಲ ಹುಡುಗರು ಇಲ್ಲಿಗೆ ಓದೋಕೆ ಬರ್ತಾರೆ. ಗೆಶೆ ಅನ್ನೋ ಪದವಿಗೆ ಸುಮಾರು ಇಪ್ಪತ್ತು ವರ್ಷ ಬೇಕು. ನಮಗೆ ಬಿ.ಕಾಂ. ಮೂರು ವರ್ಷವೇ ಉದ್ದ ಅನ್ನಿಸಿತ್ತು!

ಸಂಜೆ ಮಠದ ಅಂಗಳದಲ್ಲಿ ವಾದ ನಡೆಯುತ್ತೆ. ಒಬ್ಬ ಕೂತಿರ್ತಾನೆ. ಇನ್ನೊಬ್ಬ ನಿಂತು, ಜೋರಾಗಿ ಚಪ್ಪಾಳೆ ಹೊಡೆದು, ನೆಲಕ್ಕೆ ಕಾಲು ಬಡಿದು ಪ್ರಶ್ನೆ ಎಸೀತಾನೆ. ಮೊದಲ ಸಲ ನೋಡೋರಿಗೆ ಜಗಳ ಅನ್ನಿಸಬಹುದು. ಅದು ಪಾಠ.

ಹಳಿಯಾಳ: "ಯಾವ ದೇಶದವ್ರು?" ಅಂತ ಕೇಳಬೇಡಿ

ಹಳಿಯಾಳ, ಮುಂಡಗೋಡ, ಯಲ್ಲಾಪುರದ ಕಾಡಂಚಿನ ಹಳ್ಳಿಗಳಲ್ಲಿ ಸಿದ್ದಿ ಸಮುದಾಯ ಇದೆ. ಇವರ ಪೂರ್ವಜರು ಪೂರ್ವ ಆಫ್ರಿಕಾದವರು. ಪೋರ್ಚುಗೀಸರು ಅವರನ್ನು ಗುಲಾಮರಾಗಿ ಹಡಗಿನಲ್ಲಿ ಗೋವಾಕ್ಕೆ ತಂದರು. ಹಿಂಸೆ ತಾಳಲಾರದೆ ಓಡಿಬಂದವರಿಗೆ, ಬಿಡುಗಡೆಯಾದವರಿಗೆ ಆಶ್ರಯ ಕೊಟ್ಟದ್ದು ಘಟ್ಟದ ಈ ಕಾಡು. ಅವರಲ್ಲಿ ಹಿಂದೂ, ಮುಸ್ಲಿಂ, ಕ್ರಿಶ್ಚಿಯನ್ ಮೂರೂ ಇದ್ದಾರೆ. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ಕನ್ನಡ.

ಸಿದ್ದಿ ಹೆಣ್ಣುಮಕ್ಕಳ ಕೌದಿ ಬಗ್ಗೆ ಹೇಳಲೇಬೇಕು. ಹಳೆ ಸೀರೆ ಹಾಸಿ, ಹರಿದ ಅಂಗಿ-ಲಂಗದ ತುಂಡು ಜೋಡಿಸಿ, ಅಂಚಿನಿಂದ ಹೊಲಿಗೆ ಶುರುಮಾಡಿ ಸುತ್ತುತ್ತಾ ನಡುವಿಗೆ ಬರ್ತಾರೆ. ಕೊನೆಗೆ ನಾಲ್ಕು ಮೂಲೆಗೂ ಬಟ್ಟೆ ಮಡಚಿದ ಹೂವು. ಅದಕ್ಕೆ 'ಫೂಲ' ಅಂತಾರೆ. ಅದಿಲ್ಲದಿದ್ರೆ ಕೌದಿ ಬೆತ್ತಲೆ ಇದ್ದ ಹಾಗಂತೆ. ಈಗ ಈ ಕೌದಿಗಳು ವಿದೇಶದ ಗ್ಯಾಲರಿಗಳಲ್ಲೂ ತೂಗಾಡಿವೆ.

ಇಷ್ಟು ಶತಮಾನ ಇಲ್ಲಿದ್ದರೂ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನ ಆಗಿದ್ದು 2020ರಲ್ಲಿ. ಸದನಕ್ಕೆ ಹೋದ ಮೊದಲ ಸಿದ್ದಿ ಅವರು. ಹೀಗಿರುವಾಗ ದಾರಿಯಲ್ಲಿ ಸಿಕ್ಕ ಸಿದ್ದಿ ಹುಡುಗನಿಗೆ ಕೂದಲು ನೋಡಿ "ಯಾವ ದೇಶ?" ಅಂತ ಕೇಳಿದ್ರೆ ಅವನಿಗೆ ಹೇಗನ್ನಿಸಬೇಡ? ಅವನ ಆಧಾರ್ ಕಾರ್ಡೂ ನಮ್ಮದರ ಥರದ್ದೇ.

ದಾಂಡೇಲಿ ದಾಟಿ ಜೋಯಿಡಾ: ನೀರಿನಡಿಯ ತಾಲೂಕು ಕೇಂದ್ರ

ದಾಂಡೇಲಿ ಅಂದ್ರೆ ನಮಗೆ ರೆಸಾರ್ಟ್, ರಾಫ್ಟಿಂಗ್. ಅದಕ್ಕೂ ಮೊದಲು ಅದು ಮರದ ಊರು, ಆಮೇಲೆ 1950ರ ದಶಕದಲ್ಲಿ ಬಂದ ಕಾಗದದ ಕಾರ್ಖಾನೆಯ ಊರು.

ರಾಫ್ಟಿಂಗ್ ಕತೆ ಮಾತ್ರ ಗಣೇಶಗುಡಿಯಲ್ಲಿ ಕೇಳಬೇಕು. ಕಾಳಿ ನದಿಗೆ ಅಲ್ಲಿ ಸೂಪಾ ಅಣೆಕಟ್ಟು ಇದೆ. ಎತ್ತರ 101 ಮೀಟರ್. ವಿದ್ಯುತ್ ತಯಾರಿಸಿ ಕೆಳಗೆ ಬಿಡೋ ನೀರಿನ ಮೇಲೆ ರಾಫ್ಟಿಂಗ್ ನಿಂತಿದೆ. ನೀರು ಬಿಡದಿದ್ರೆ ಅಲೆ ಇಲ್ಲ. ಆ ಅಣೆಕಟ್ಟಿನ ಹಿನ್ನೀರಿನಲ್ಲಿ ಏನಿದೆ ಗೊತ್ತಾ? ಸೂಪಾ ಅನ್ನೋ ಊರು. ಸುಮ್ನೆ ಹಳ್ಳಿಯಲ್ಲ, ತಾಲೂಕು ಕೇಂದ್ರ! ಇವತ್ತಿನ ಜೋಯಿಡಾ ತಾಲೂಕಿಗೆ ಆಗ ಸೂಪಾ ತಾಲೂಕು ಅಂತಲೇ ಹೆಸರು. 1980ರ ದಶಕದಲ್ಲಿ ಊರು, ಪೇಟೆ, ಗುಡಿ, ಗದ್ದೆ ಎಲ್ಲ ನೀರಿಗೆ ಹೋಯ್ತು. ಎಷ್ಟೋ ಕುಟುಂಬಗಳು ರಾಮನಗರದ ಪುನರ್ವಸತಿ ಕಾಲೋನಿಗೆ ಹೋದವು.

ಇಟಲಿಯಲ್ಲಿ ಗೋಪುರವಾದ್ರೂ ಉಳಿದಿದೆ. ಇಲ್ಲಿ ಹೆಸರು ಉಳಿದದ್ದು ಅಣೆಕಟ್ಟಿಗೆ.

ಕಾಮರ್ಸ್ ಓದಿದವನ ಲೆಕ್ಕ ಹೇಳ್ತೀನಿ. ಒಂದು ಕಡೆ ಜಮಾ: ರಾಜ್ಯಕ್ಕೆ ಕರೆಂಟು. ಇನ್ನೊಂದು ಕಡೆ ಖರ್ಚು: ಒಂದು ಇಡೀ ಊರು. ಆದ್ರೆ ಖರ್ಚು ಕೊಟ್ಟವರಿಗೂ ಜಮಾ ಸಿಕ್ಕವರಿಗೂ ಸಂಬಂಧ ಇಲ್ಲ. ಜೋಯಿಡಾದ ಕಾಡಿನೊಳಗಿನ ಎಷ್ಟೋ ಹಳ್ಳಿಗಳಲ್ಲಿ ಈ ಎಪಿಸೋಡ್ ಕೇಳೋಕೂ ನೆಟ್‌ವರ್ಕ್ ಸಿಗಲ್ಲ. ಅಲ್ಲಿನ ಕುಣಬಿ ಜನ ಬಗೆಬಗೆಯ ಗಡ್ಡೆ-ಗೆಣಸು ಬೆಳೆಯೋದರಲ್ಲಿ ಎತ್ತಿದ ಕೈ. ಅದಕ್ಕೇ ಜೋಯಿಡಾದಲ್ಲಿ ಗೆಡ್ಡೆ-ಗೆಣಸಿನ ಮೇಳವೂ ನಡೆಯುತ್ತೆ. ಗಡಿಯಾಚೆ ಗೋವಾದ ಕುಣಬಿಗಳಿಗೆ ಅದೇ 2003ರಲ್ಲಿ ಎಸ್‌ಟಿ ಸ್ಥಾನ ಸಿಕ್ಕಿತು. ಇಲ್ಲಿಯ ಕುಣಬಿಗಳು ಅದೇ ಬೇಡಿಕೆ ಹಿಡ್ಕೊಂಡು ವರ್ಷಗಟ್ಟಲೆ ಹೋರಾಡ್ತಾ ಬಂದಿದ್ದಾರೆ. ಒಂದೇ ಕಾಡು, ನಡುವೆ ಒಂದು ಗಡಿ ರೇಖೆ ಅಷ್ಟೇ.

ಹೋಗೋ ಮುಂಚೆ

ಮಠದಲ್ಲಿ ಪ್ರಾರ್ಥನೆ ನಡೀತಿದ್ರೆ ಮೊಬೈಲ್ ಸೈಲೆಂಟ್ ಮಾಡಿ. ವಿದೇಶಿ ಗೆಳೆಯರು ಜೊತೆಗಿದ್ದು ಕ್ಯಾಂಪಿನಲ್ಲಿ ಉಳಿಯೋದಾದ್ರೆ ಕೇಂದ್ರ ಗೃಹ ಇಲಾಖೆಯ ಪರವಾನಗಿ ಬೇಕು, ಮೊದಲೇ ಅರ್ಜಿ ಹಾಕಿ. ಸಿದ್ದಿ ಹಳ್ಳಿಗೆ ಹೋದ್ರೆ ಕೇಳದೆ ಫೋಟೊ ತೆಗೀಬೇಡಿ. ಕೌದಿ ಇಷ್ಟವಾದ್ರೆ ಚೌಕಾಸಿ ಮಾಡದೆ ಕೊಳ್ಳಿ, ಅದರಲ್ಲಿ ವಾರಗಟ್ಟಲೆ ಕೆಲಸ ಇರುತ್ತೆ. ಗಣೇಶಗುಡಿಯಲ್ಲಿ ರಾಫ್ಟ್ ಹತ್ತೋ ಮುಂಚೆ ಅಲ್ಲಿನ ಹಿರಿಯರ ಹತ್ರ "ಹಳೆ ಸೂಪಾ ಹೇಗಿತ್ರಿ ಅಜ್ಜಾ?" ಅಂತ ಒಂದು ಮಾತು ಕೇಳಿ ನೋಡಿ.

ನಿಮ್ಮ ಊರಲ್ಲೂ ಇಂಥ ಕತೆ ಇದ್ರೆ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ. ನಮಸ್ಕಾರ.